ಸೀನು ನಿಲ್ಲದ ಶೆಡ್: ಮೊಟ್ಟೆ ಕೋಳಿಗಳಿಗೆ ಲಸಿಕೆ ಹಾಕಿದ ಮೇಲೆ ನಡೆದ ಒಂದು ಪ್ರಕರಣ

ಇದು 2025ರ ಬೇಸಿಗೆಯಲ್ಲಿ ಕೊಪ್ಪಳ ಜಿಲ್ಲೆಯ ಒಂದು ಲೇಯರ್ (ಮೊಟ್ಟೆ ಕೋಳಿ) ಫಾರಂನಲ್ಲಿ ನಡೆದದ್ದು. ಊರು, ಮಾಲೀಕರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಲಸಿಕೆ, ರಕ್ತ ಪರೀಕ್ಷೆ ಮತ್ತು ನಾವು ತೆಗೆದುಕೊಂಡ ನಿರ್ಧಾರಗಳ ಮಟ್ಟಿಗೆ ನಡೆದದ್ದನ್ನೇ ಬರೆದಿದ್ದೇನೆ. ಕೋಳಿ ಸಾಕುವವರು, ಅವರಿಗೆ ಸಲಹೆ ಕೊಡುವ ಪಶುವೈದ್ಯರು ಇಬ್ಬರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ಫಾರಂ ಹೇಗಿತ್ತು

ಎರಡು ಶೆಡ್‌ಗಳು. ಒಂದೊಂದರಲ್ಲಿ ಸುಮಾರು 8,000 ಬಿಳಿ ಲೇಯರ್ ಕೋಳಿ. ನೆಲದಿಂದ ಎತ್ತರಿಸಿ ಕಟ್ಟಿದ ಶೆಡ್, ಉದ್ದಕ್ಕೆ ಕೇಜ್ ಸಾಲುಗಳು, ನಿಪ್ಪಲ್ ಪೈಪಿನಲ್ಲಿ ನೀರು. ಮೆಕ್ಕೆಜೋಳ ಸುತ್ತಲಿನ ರೈತರಿಂದ, ತೌಡು ಗಂಗಾವತಿ ಕಡೆಯ ರೈಸ್ ಮಿಲ್‌ಗಳಿಂದ ಬರುತ್ತಿತ್ತು. ಅಣ್ಣ ಗದ್ದೆ ನೋಡಿಕೊಳ್ಳುತ್ತಾರೆ, ತಮ್ಮ ಫಾರಂ ನೋಡಿಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ಚೆನ್ನಾಗಿ ಇಟ್ಟಿದ್ದರು. ದಿನದ ಮೊಟ್ಟೆ, ಸತ್ತ ಕೋಳಿ, ತಿಂದ ಫೀಡು ಎಲ್ಲವೂ ಶೆಡ್‌ವಾರು ಬೇರೆ ಬೇರೆ. ಈ ಪುಸ್ತಕ ಇಲ್ಲದೇ ಇದ್ದಿದ್ದರೆ ಈ ಪ್ರಕರಣ ಬಗೆಹರಿಯುತ್ತಿರಲಿಲ್ಲ.

ಹಳೇ ಶೆಡ್‌ನ ಕೋಳಿಗಳನ್ನು ಮರಿಯಿಂದ ಅಲ್ಲೇ ಸಾಕಿದ್ದರು. ಹೊಸ ಶೆಡ್‌ನವು ಬೇರೆಯವರ ಹತ್ತಿರ ಬೆಳೆದವು. 16 ವಾರದ ವಯಸ್ಸಿನಲ್ಲಿ, ಡಿಸೆಂಬರ್‌ನಲ್ಲಿ, ಲಾರಿಯಲ್ಲಿ ಬಂದಿದ್ದವು. ಜೊತೆಗೆ ಒಂದು ಚೀಟಿ ಬಂದಿತ್ತು: ಮಾರೆಕ್ಸ್, ಗಂಬೋರೊ, ಲಸೋಟ, ಸಿಡುಬು ಲಸಿಕೆ ಎಲ್ಲ ಆಗಿದೆ ಅಂತ. ಬಾಟಲಿಯ ಬ್ಯಾಚ್ ನಂಬರ್ ಇರಲಿಲ್ಲ.

ಒಂದೇ ಬಾಟಲಿ, ಎರಡು ಫಲ

ಮಾರ್ಚ್ ಮೂರನೇ ವಾರ ಎರಡೂ ಶೆಡ್‌ಗೆ ಒಂದೇ ದಿನ, ಒಂದೇ ಬ್ಯಾಚಿನ ಲಸೋಟ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಟ್ಟರು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ, ಮೊಟ್ಟೆ ಇಡುವ ಕಾಲದಲ್ಲಿ ಆಗಾಗ ಕೊಡುವ ಮಾಮೂಲಿ ಲಸಿಕೆ ಅದು.

ಲಸೋಟ ಜೀವಂತ ಲಸಿಕೆ. ಅದರಲ್ಲಿರುವುದು ಸೌಮ್ಯ ವೈರಸ್, ಆದರೂ ವೈರಸ್ಸೇ. ಅದು ಕೋಳಿಯ ಮೂಗು, ಗಂಟಲು, ಶ್ವಾಸನಾಳದಲ್ಲಿ ಒಂದಿಷ್ಟು ಬೆಳೆದರೆ ತಾನೇ ದೇಹ ಎಚ್ಚರಗೊಳ್ಳೋದು? ಹಾಗಾಗಿ ಮೂರರಿಂದ ಐದನೇ ದಿನದ ಹೊತ್ತಿಗೆ ಸ್ವಲ್ಪ ಸೀನು, ಕಣ್ಣಲ್ಲಿ ನೀರು, ರಾತ್ರಿ ಶೆಡ್‌ನಲ್ಲಿ ಗೊರಗೊರ ಸದ್ದು ಬರುವುದು ಸಹಜ. ಫೀಡು ಒಂದೆರಡು ದಿನ ಕಡಿಮೆ ಆಗುತ್ತದೆ. ವಾರ ಕಳೆಯುವಷ್ಟರಲ್ಲಿ ಇದೆಲ್ಲ ನಿಲ್ಲಬೇಕು. ಇದು ಲಸಿಕೆ ಹಿಡಿದಿದೆ ಅನ್ನುವುದರ ಗುರುತು, ಭಯಪಡುವ ವಿಷಯ ಅಲ್ಲ.

ಹಳೇ ಶೆಡ್‌ನಲ್ಲಿ ಹೀಗೇ ಆಯಿತು. ನಾಲ್ಕನೇ ದಿನ ಸೀನು ಶುರುವಾಗಿ ವಾರದೊಳಗೆ ನಿಂತಿತು. ಮೊಟ್ಟೆ ಹೆಚ್ಚುಕಮ್ಮಿ ಆಗಲೇ ಇಲ್ಲ ಅನ್ನಬಹುದು.

ಹೊಸ ಶೆಡ್‌ನಲ್ಲಿ ಮಾತ್ರ ಸೀನು ನಿಲ್ಲಲಿಲ್ಲ. ಎರಡನೇ ವಾರ ಜಾಸ್ತಿಯಾಯಿತು. ಮೊಟ್ಟೆ 92 ಶೇಕಡಾದಿಂದ (ನೂರು ಕೋಳಿಗೆ ದಿನಕ್ಕೆ 92 ಮೊಟ್ಟೆ) ಇಳಿಯುತ್ತಾ 84ಕ್ಕೆ ಬಂತು. ಚಿಪ್ಪು ತೆಳುವಾಗಿ, ಟ್ರೇನಲ್ಲಿ ಒಡೆದ ಮೊಟ್ಟೆಗಳು ಹೆಚ್ಚಾದವು. ಸಾವು ದಿನಕ್ಕೆ ಒಂದೆರಡು ಇದ್ದದ್ದು ಐದಾರಕ್ಕೆ ಏರಿತು. ಮಾಲೀಕರು ಫೋನ್ ಮಾಡಿದ್ದು ಆಗ.

"ಡಾಕ್ಟ್ರೇ, ಲಸಿಕಿ ಹಾಕಿ ಮೂರು ವಾರ ಆತ್ರಿ. ಇನ್ನೂ ಸೀನು ನಿಂತಿಲ್ಲ. ತತ್ತಿ ದಿನಾ ಇಪ್ಪತ್ತು ಟ್ರೇ ಕಮ್ಮಿ ಬರಾಕತ್ಯಾವ. ಈ ಲಸಿಕೀನ ಭಾಳ ಖಡಕ್ ಐತಿ ಅನಸ್ತೈತಿ."

ಲಸಿಕೆ ಖಡಕ್ ಅನ್ನುವ ಮಾತು ನಮ್ಮ ಕಡೆ ಎಲ್ಲ ಫಾರಂಗಳಲ್ಲೂ ಕೇಳಿಬರುತ್ತದೆ. ಆದರೆ ಅದೇ ಬಾಟಲಿ ಹಳೇ ಶೆಡ್‌ನಲ್ಲಿ ಏನೂ ತೊಂದರೆ ಮಾಡಿರಲಿಲ್ಲ ಅಲ್ವಾ? ಹಾಗಾಗಿ ನಾನು ಮೊದಲ ದಿನದಿಂದಲೇ ಲಸಿಕೆಯನ್ನು ಬಿಟ್ಟು, ಎರಡು ಶೆಡ್‌ಗಳ ನಡುವಿನ ವ್ಯತ್ಯಾಸವನ್ನು ಹುಡುಕತೊಡಗಿದೆ.

ಅಷ್ಟರೊಳಗೆ ಏನೇನು ಆಗಿತ್ತು

ಔಷಧಿ ಅಂಗಡಿಯವರ ಮಾತಿನಂತೆ ಐದು ದಿನ ನೀರಿನಲ್ಲಿ ಒಂದು ಆಂಟಿಬಯಾಟಿಕ್ ಕೊಟ್ಟಿದ್ದರು. ಎರಡು ದಿನ ಸೀನು ತಗ್ಗಿದಂತೆ ಕಂಡು ಮತ್ತೆ ಶುರುವಾಯಿತು. ಇನ್ನೊಬ್ಬರು ಹಳೇ ಸ್ಟಾಕ್ ಕೊಲಿಸ್ಟಿನ್ ಹಾಕಿ ಅಂದಿದ್ದರಂತೆ. ಪುಣ್ಯಕ್ಕೆ ಹಾಕಿರಲಿಲ್ಲ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದೇ ಹೋದಾಗ ಕೊನೆಯದಾಗಿ ಬಳಸುವ ಔಷಧಿ ಅದು. ಮೊಟ್ಟೆ ಇಡುವ ಕೋಳಿಗೆ ಕೊಟ್ಟ ಔಷಧಿಯ ಅಂಶ ಮೊಟ್ಟೆಯೊಳಗೂ ಇಳಿಯುತ್ತದೆ, ಅದು ಯಾರದೋ ಮನೆಯ ಮಗುವಿನ ತಟ್ಟೆಗೆ ಹೋಗುತ್ತದೆ. ಈ ಮಾತನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇನ್ನೂ ಹೇಳುತ್ತೇನೆ.

ಮೂರನೆಯ ಸಲಹೆ ಇನ್ನೂ ಅಪಾಯದ್ದು: ಲಸಿಕೆ ಹಿಡಿದಿಲ್ಲ, ಆರ್‌ಟುಬಿ ಹಾಕಿ ಅಂತ. ಆರ್‌ಟುಬಿ ಅಂದರೆ ಮುಕ್ತೇಶ್ವರ ತಳಿಯ ಲಸಿಕೆ. ಲಸೋಟಕ್ಕಿಂತ ಬಿರುಸು. ಬೆಳೆಯುವ ವಯಸ್ಸಿನಲ್ಲಿ, ಮೊದಲು ಸೌಮ್ಯ ಲಸಿಕೆ ಪಡೆದ ಕೋಳಿಗಳಿಗೆ ಅದು ಒಳ್ಳೆಯ ಲಸಿಕೆ. ಈಗಾಗಲೇ ಸೀನುತ್ತಿರುವ, ಮೊಟ್ಟೆ ಇಡುತ್ತಿರುವ ಕೋಳಿಗೆ ಚುಚ್ಚಿದರೆ ಇರುವ ಮೊಟ್ಟೆಯೂ ಹೋಗುತ್ತದೆ.

ಇಲ್ಲಿ ನಾವು ಮೊದಲ ನಿರ್ಧಾರ ತೆಗೆದುಕೊಂಡೆವು. ಯಾವ ಲಸಿಕೆಯೂ ಬೇಡ, ಯಾವ ಆಂಟಿಬಯಾಟಿಕ್ಕೂ ಬೇಡ, ಕಾರಣ ತಿಳಿಯುವ ತನಕ. ಸಾವು ಇನ್ನೂ ಏರಿದರೆ ಮಾತ್ರ, ಸತ್ತ ಕೋಳಿಯಿಂದ ಮಾದರಿ ತೆಗೆದು, ಯಾವ ಔಷಧಿ ನಾಟುತ್ತದೆ ಅಂತ ಪರೀಕ್ಷೆ ಮಾಡಿಸಿ ಕೊಡೋಣ ಅಂದೆ. ಸುಮ್ನೆ ಕೂರುವುದು ಮಾಲೀಕರಿಗೆ ಬಹಳ ಕಷ್ಟವಾಯಿತು. ದಿನಾ ಇಪ್ಪತ್ತು ಟ್ರೇ ಕಳೆದುಕೊಳ್ಳುವವರಿಗೆ ಏನೂ ಮಾಡಬೇಡಿ ಅಂತ ಹೇಳುವುದು ಸುಲಭದ ಮಾತಲ್ಲ.

ಆ ಬೇಸಿಗೆಯಲ್ಲಿ ಇನ್ನೊಂದು ಭಯವೂ ಇತ್ತು. ಫೆಬ್ರವರಿ ಕೊನೆಯ ಹೊತ್ತಿಗೆ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಕೋಳಿ ಸೀನುತ್ತಿದೆ ಅಂತ ಗೊತ್ತಾದರೆ ವ್ಯಾಪಾರಿಗಳು ಗಾಡಿ ತರುವುದಿಲ್ಲ ಅಂತ ಮಾಲೀಕರು ಹೆದರಿದ್ದರು. ಆದರೂ ಸರ್ಕಾರಿ ಪಶುವೈದ್ಯರಿಗೆ ತಿಳಿಸೋಣ ಅಂದಾಗ ಅವರು ಒಪ್ಪಿದರು. ಅದು ದೊಡ್ಡ ಮನಸ್ಸು. ಮಾದರಿ ಹೋಯಿತು, ಹಕ್ಕಿಜ್ವರ ಇಲ್ಲ ಅಂತ ಬಂತು. ಸತ್ತ ಕೋಳಿಗಳನ್ನು ಕೊಯ್ದು ನೋಡಿದಾಗ ಶ್ವಾಸನಾಳ ಕೆಂಪಾಗಿತ್ತು, ಕೆಲವದರಲ್ಲಿ ಗಾಳಿಚೀಲ ಮಸುಕಾಗಿತ್ತು. ಕೊಕ್ಕರೆ ರೋಗದ ಬಿರುಸು ರೂಪದಲ್ಲಿ ಗ್ರಂಥಿ ಜಠರದಲ್ಲಿ ಕಾಣುವ ರಕ್ತಸ್ರಾವ ಇರಲಿಲ್ಲ.

ಕೆಲಸದ ಅಕ್ಕ ಹೇಳಿದ್ದು

ಹೊಸ ಶೆಡ್ ನೋಡಿಕೊಳ್ಳುವುದು ಒಬ್ಬ ಗಂಡ ಹೆಂಡತಿ. ಮಾಲೀಕರು, ಸೂಪರ್‌ವೈಜರ್ ಮಾತಾಡುವಾಗ ಆ ಅಕ್ಕ ದೂರ ನಿಂತಿದ್ದರು. ರಾತ್ರಿ ಲೈಟ್ ಆರಿಸಿದ ಮೇಲೆ ಸದ್ದು ಯಾವ ಕಡೆ ಜಾಸ್ತಿ ಕೇಳುತ್ತೆ ಅಂತ ಅವರನ್ನೇ ಕೇಳಿದೆ.

"ಮೊದಲ ಬಾಗಲ ಕಡೆ ಸೀನಿದ್ವು ರೀ ಸರ. ಅವು ಆರಾಮಾದ್ವು. ಆಮ್ಯಾಲೆ ನಡಕಿನವು. ಈಗ ಹಿಂದಿನವು ಹತ್ಯಾವ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. 8,000 ಕೋಳಿಗೂ ಒಂದೇ ದಿನ ಲಸಿಕೆ ಹೊಟ್ಟೆಗೆ ಹೋಗಿದ್ದರೆ ಎಲ್ಲವೂ ಒಟ್ಟಿಗೆ ಸೀನಿ ಒಟ್ಟಿಗೆ ಸುಧಾರಿಸಬೇಕಿತ್ತು. ಇಲ್ಲಿ ಸೀನು ಬಾಗಿಲಿನಿಂದ ಹಿಂದಕ್ಕೆ ನಡೆದುಕೊಂಡು ಹೋಗಿದೆ. ಅಂದರೆ ಬಾಗಿಲ ಕಡೆಯ ಕೋಳಿಗಳು ಮಾತ್ರ ಲಸಿಕೆ ಕುಡಿದಿವೆ. ಅವುಗಳ ಮೂಗು ಬಾಯಿಯಿಂದ ಹೊರಬಿದ್ದ ಲಸಿಕೆ ವೈರಸ್ ಪಕ್ಕದ ಕೇಜಿಗೆ, ಅಲ್ಲಿಂದ ಮುಂದಿನ ಕೇಜಿಗೆ ಹರಡಿದೆ. ಒಂದೊಂದು ಕೋಳಿಗೆ ಅದು ವಾರದ ಕಾಟವೇ. ಇಡೀ ಶೆಡ್‌ಗೆ ಮಾತ್ರ ಅದು ತಿಂಗಳ ಕಾಟ. ಹೊರಗಿನಿಂದ ನೋಡುವವರಿಗೆ ಲಸಿಕೆ ಜಾಸ್ತಿ ಆದಂತೆ ಕಾಣುತ್ತದೆ. ನಿಜಕ್ಕೂ ಆಗಿರುವುದು ಲಸಿಕೆ ತಲುಪದೇ ಇರುವುದು.

ರಕ್ತ ಎಲ್ಲಿಂದ ತೆಗೆಯೋದು

ಊಹೆ ಊಹೆಯೇ. ರಕ್ತ ತೆಗೆದು ಎಚ್‌ಐ ಪರೀಕ್ಷೆಗೆ ಕಳಿಸುವುದು ಅಂತಾಯಿತು. ಮಾಮೂಲಾಗಿ ಬಾಗಿಲ ಹತ್ತಿರದ ಕೇಜಿಗೆ ಕೈ ಹಾಕಿ ಸಿಕ್ಕ ಕೋಳಿಗಳಿಂದ ರಕ್ತ ತೆಗೆಯುತ್ತಾರೆ. ಹಿಂದಿನ ತನಕ ಯಾರು ಹೋಗ್ತಾರೆ ಅಂತ. ನಾವು ಬೇಕೆಂದೇ ಪ್ರತಿ ಶೆಡ್‌ನಲ್ಲಿ ಪೈಪಿನ ಮುಂದಿನ ತುದಿ, ನಡು, ಕೊನೆ ಅಂತ ಮೂರು ಕಡೆ ಎಂಟೆಂಟು ಕೋಳಿ ಹಿಡಿದು, ಟ್ಯೂಬ್ ಮೇಲೆ ಜಾಗ ಬರೆದು ಇಟ್ಟೆವು.

ಎಚ್‌ಐ ಅಂದರೆ ರಕ್ತದ ಸೀರಂ ಅನ್ನು ಪ್ರತಿ ಸಲ ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗಿ, ಎಷ್ಟು ತೆಳುವಾದರೂ ಅದು ವೈರಸ್ಸನ್ನು ತಡೆಯುತ್ತದೆ ಅಂತ ನೋಡುವುದು. 6 ಬಂದರೆ 64 ಪಟ್ಟು, 7 ಬಂದರೆ 128 ಪಟ್ಟು. ಒಂದು ಅಂಕಿ ಹೆಚ್ಚಾದರೆ ಪ್ರತಿರೋಧದ ಅಂಶ ಎರಡು ಪಟ್ಟು ಅಂತ ತಿಳಿಯಬಹುದು.

ಹಳೇ ಶೆಡ್‌ನಲ್ಲಿ ಎಲ್ಲ ಜಾಗದವೂ 7ರಿಂದ 9ರ ಒಳಗೆ ಒತ್ತಾಗಿ ನಿಂತಿದ್ದವು. ಹೊಸ ಶೆಡ್‌ನಲ್ಲಿ ಬಾಗಿಲ ಕಡೆಯವು 8ರಿಂದ 10. ನಡುವಿನವು 5ರಿಂದ 9, ಕಲಸುಮೇಲೋಗರ. ಕೊನೆಯವು 3ರಿಂದ 6. ಸರಾಸರಿ ಮಾತ್ರ ನೋಡಿದ್ದರೆ ಹೊಸ ಶೆಡ್ ಕೂಡ ಸುಮಾರಾಗಿ ಪರವಾಗಿಲ್ಲ ಅನ್ನಿಸುತ್ತಿತ್ತು. 3ರ ಕೋಳಿಯನ್ನು 10ರ ಕೋಳಿ ಕಾಪಾಡುವುದಿಲ್ಲ. ವರದಿ ಬಂದಾಗ ಸರಾಸರಿಗಿಂತ ಮೊದಲು ಹರವು ನೋಡಬೇಕು ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. 11, 12ರ ಅಂಕಿಗಳು ಎಲ್ಲೂ ಇರಲಿಲ್ಲ ಅನ್ನುವುದೂ ಒಂದು ಸಮಾಧಾನ. ಹೊರಗಿನ ಬಿರುಸು ವೈರಸ್ ನುಗ್ಗಿದ್ದರೆ ಅಂಥ ಅಂಕಿಗಳು ಕಾಣುವ ಸಾಧ್ಯತೆ ಹೆಚ್ಚು.

ಅದೇ ರಕ್ತದಲ್ಲಿ ಮೈಕೊಪ್ಲಾಸ್ಮಾ, ಅಂದರೆ ಕೋಳಿಗಳಿಗೆ ಉಸಿರಾಟದ ಕಾಯಿಲೆ ತರುವ ಒಂದು ಬ್ಯಾಕ್ಟೀರಿಯಾ, ಇದೆಯಾ ಅಂತ ಪ್ಲೇಟ್ ಪರೀಕ್ಷೆಯನ್ನೂ ಮಾಡಿದೆವು. ಎಣ್ಣೆ ಲಸಿಕೆ, ಅಂದರೆ ಸತ್ತ ವೈರಸ್ಸನ್ನು ಎಣ್ಣೆಯಲ್ಲಿ ಬೆರೆಸಿದ ಲಸಿಕೆ, ಚುಚ್ಚಿದ ಕೆಲವು ವಾರಗಳೊಳಗೆ ಈ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಬರಬಹುದು. ಹೊಸ ಶೆಡ್‌ನ ಕೋಳಿಗಳಿಗೆ ಕೊಕ್ಕರೆ ರೋಗದ ಎಣ್ಣೆ ಲಸಿಕೆ ಚುಚ್ಚಿದ್ದು ಡಿಸೆಂಬರ್‌ನಲ್ಲಿ, ಅದಾಗಿ ತಿಂಗಳುಗಳು ಕಳೆದಿದ್ದವು, ಹಾಗಾಗಿ ನಂಬಬಹುದಿತ್ತು. ಹೊಸ ಶೆಡ್‌ನ ಹಲವು ಕೋಳಿಗಳು ಪಾಸಿಟಿವ್. ಮೈಕೊಪ್ಲಾಸ್ಮಾ ಒಳಗೇ ಅಡಗಿರುವ ಕೋಳಿಗೆ ಲಸಿಕೆಯ ಸಣ್ಣ ಸೀನು ಕೂಡ ದೀರ್ಘ ಕೆಮ್ಮಾಗಿ ತಿರುಗುತ್ತದೆ. ಐದು ದಿನದ ಔಷಧಿಗೆ ಎರಡು ದಿನ ತಗ್ಗಿದ್ದು ಯಾಕೆ ಅಂತಲೂ ಇದರಿಂದ ಅರ್ಥವಾಯಿತು.

ಲಸಿಕೆ ನೀರು ಹಿಂದಕ್ಕೆ ಹೋಗದ ಕಾರಣ

ಆ ದಿನ ಏನೇನು ಮಾಡಿದಿರಿ ಅಂತ ಗಂಟೆ ಗಂಟೆಯ ಲೆಕ್ಕ ಕೇಳಿದೆ. ಹಳೇ ಶೆಡ್‌ಗೆ ಬೆಳಗಿನ ಜಾವ ಕೊಟ್ಟಿದ್ದರು. ಹೊಸ ಶೆಡ್ ಶುರುವಾಗಿದ್ದು ಹನ್ನೊಂದರ ಹೊತ್ತಿಗೆ. ಮಾರ್ಚ್‌ನ ನಮ್ಮ ಬಿಸಿಲು ಗೊತ್ತೇ ಇದೆ. ಕಪ್ಪು ಟ್ಯಾಂಕ್ ತಗಡಿನ ಪಕ್ಕದಲ್ಲೇ ಇತ್ತು, ನೀರು ಕೈಗೆ ಬಿಸಿ ಹತ್ತುತ್ತಿತ್ತು. ಹಿಂದಿನ ದಿನ ಸಂಜೆ ಆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಯಾಕೆಂದರೆ ಬ್ಲೀಚಿಂಗ್ ಹಾಕುವ ವಾರ ಅದು. ಕ್ಲೋರಿನ್ ಇರುವ ಬಿಸಿ ನೀರಿನಲ್ಲಿ ಜೀವಂತ ಲಸಿಕೆ ಹೆಚ್ಚು ಹೊತ್ತು ಬದುಕುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಪೈಪು. ಲಸಿಕೆಗೆ ಮುಂಚೆ ಎರಡು ಗಂಟೆ ನೀರು ನಿಲ್ಲಿಸಿ ಬಾಯಾರಿಸಿದ್ದರು, ಅದು ಸರಿ. ಆದರೆ ಉದ್ದ ಪೈಪಿನಲ್ಲಿ ಮೊದಲೇ ತುಂಬಿದ್ದ ಬರೀ ನೀರನ್ನು ಕೊನೆಯ ತುದಿಯಿಂದ ಹೊರಗೆ ಬಿಟ್ಟಿರಲಿಲ್ಲ. ಬಾಯಾರಿದ ಹಿಂದಿನ ಕೋಳಿಗಳು ಆ ಬರೀ ನೀರನ್ನೇ ಕುಡಿದು ತಣಿದವು. ಮುಂದಿನವು ಲಸಿಕೆ ನೀರು ಕುಡಿದವು. ಉಳಿದದ್ದು ಹಿಂದಿನ ತನಕ ಹರಿಯುವಷ್ಟರಲ್ಲಿ ಅದರಲ್ಲಿ ಜೀವಂತ ವೈರಸ್ ಎಷ್ಟು ಉಳಿದಿತ್ತೋ.

ಆದರೂ ಒಂದು ಪ್ರಶ್ನೆ ಉಳಿಯಿತು. ಲಸೋಟ ತಪ್ಪಿದರೂ ಡಿಸೆಂಬರ್‌ನಲ್ಲಿ ಚುಚ್ಚಿದ ಎಣ್ಣೆ ಲಸಿಕೆಯ ಬಲ ಆ ಕೋಳಿಗಳಲ್ಲಿ ಇರಬೇಕಿತ್ತು. 31 ವಾರಕ್ಕೆ 3, 4ಕ್ಕೆ ಇಳಿಯಬಾರದು.

ಲಾರಿ ಬಂದ ರಾತ್ರಿಯೇ, ಕೇಜಿಗೆ ಹಾಕುತ್ತಾ ಹಾಕುತ್ತಾ ಒಂದು ತಂಡ ಚುಚ್ಚಿ ಮುಗಿಸಿತ್ತು. ಕೋಳಿಗಳನ್ನು ಎರಡು ಸಲ ಹಿಡಿದು ಯಾಕೆ ಹೆದರಿಸಬೇಕು ಅನ್ನುವ ಒಳ್ಳೆಯ ಯೋಚನೆ ಅದರ ಹಿಂದೆ ಇತ್ತು. ಪ್ರಯಾಣದಲ್ಲಿ ದಣಿದ, ನೀರು ಫೀಡು ಸರಿಯಾಗಿ ಸಿಗದ ಕೋಳಿಯ ದೇಹ ಲಸಿಕೆಗೆ ಪೂರ್ತಿ ಸ್ಪಂದಿಸುವುದಿಲ್ಲ. ಅದು ಒಂದು. ಇನ್ನೊಂದು, ಚಳಿಯ ರಾತ್ರಿಯಲ್ಲಿ ಐಸ್ ಪೆಟ್ಟಿಗೆಯಿಂದ ನೇರವಾಗಿ ತೆಗೆದ ಎಣ್ಣೆ ಲಸಿಕೆ ಗಟ್ಟಿಯಾಗಿರುತ್ತದೆ. ಸಿರಿಂಜಿಗೆ ಅರ್ಧ ಮಿಲಿ ಪೂರ್ತಿ ತುಂಬುವ ಮೊದಲೇ ಗುಂಡಿ ಒತ್ತಿ ಆಗಿರುತ್ತದೆ. ಕೇಜ್ ತುಂಬಿದ್ದು ಹಿಂದಿನ ತುದಿಯಿಂದ ಅಂತ ಆ ಅಕ್ಕನೇ ನೆನಪಿಸಿದರು. ಅಂದರೆ ಅತಿ ತಣ್ಣಗಿನ ಮೊದಲ ಬಾಟಲಿಗಳು ಹೋಗಿದ್ದು ಅದೇ ಹಿಂದಿನ ಕೋಳಿಗಳಿಗೆ.

ಕೋಳಿಗಳ ಕತ್ತಿನ ಹಿಂದೆ ಮುಟ್ಟಿ ನೋಡಿದೆವು. ಬಾಗಿಲ ಕಡೆಯ ಹಲವು ಕೋಳಿಗಳಲ್ಲಿ ಚುಚ್ಚಿದ ಜಾಗದಲ್ಲಿ ಹುಣಸೆ ಬೀಜದಷ್ಟು ಗಂಟು ಸಿಕ್ಕಿತು. ಮಾಲೀಕರು ಅದನ್ನು ರೋಗ ಅಂತ ತಿಳಿದಿದ್ದರು. ಎಣ್ಣೆ ಲಸಿಕೆ ಅಲ್ಲೇ ನಿಂತು ನಿಧಾನವಾಗಿ ಕರಗುತ್ತಾ, ದೇಹವನ್ನು ತಿಂಗಳುಗಟ್ಟಲೆ ಎಚ್ಚರವಾಗಿ ಇಡುತ್ತದೆ. ಸಣ್ಣ ಗಂಟು ಅದರ ಅಡ್ಡ ಪರಿಣಾಮ. ಹಿಂದಿನ ಕೋಳಿಗಳಲ್ಲಿ ಗಂಟು ಸಿಕ್ಕಿದ್ದು ಕಡಿಮೆ. ಗಂಟು ಇಲ್ಲ ಅಂದ ಮಾತ್ರಕ್ಕೆ ಲಸಿಕೆ ಆಗಿಲ್ಲ ಅಂತ ಹೇಳಲು ಬರುವುದಿಲ್ಲ. ಆದರೆ ಗಂಟು, ಎಚ್‌ಐ ಅಂಕಿ, ಸೀನಿನ ದಾರಿ, ಮೂರೂ ಒಂದೇ ಕಡೆ ಬೆರಳು ಮಾಡುತ್ತಿದ್ದವು.

ಚಿಕ್ಕಂದಿನಲ್ಲಿ ಗಂಬೋರೊ ಬಂದು ಪ್ರತಿರೋಧ ಶಕ್ತಿಯೇ ಕುಗ್ಗಿರಬಹುದಾ ಅಂತಲೂ ಯೋಚಿಸಿದೆ. ಹಾಗಿದ್ದರೆ ಬಾಗಿಲ ಕಡೆಯವೂ ಕಡಿಮೆ ಇರಬೇಕಿತ್ತು. ಅದನ್ನು ಬಿಟ್ಟೆ.

ಎಷ್ಟು ಕೋಳಿ ಹಿಡಿಯಬೇಕು

ಸೀನು ನಿಲ್ಲುವ ತನಕ ಮಾಡಿದ್ದು ಸಣ್ಣ ಕೆಲಸಗಳು. ಸೋರುವ ನಿಪ್ಪಲ್ ಬದಲಿಸಿ ಕೆಳಗಿನ ಗೊಬ್ಬರ ಒಣಗಿಸಿದರು, ಅಮೋನಿಯಾ ವಾಸನೆ ತಗ್ಗಿತು. ಗಾಳಿಗೆ ಅಡ್ಡವಾಗಿದ್ದ ಪರದೆ ಎತ್ತಿದರು. ಮಧ್ಯಾಹ್ನ ನೀರಿನ ಮಂಜು ಚಿಮ್ಮಿಸುವ ಫಾಗರ್ ಓಡಿಸಿದರು. ಟ್ಯಾಂಕಿಗೆ ಚಪ್ಪರ ಹಾಕಿದರು. ವ್ಯಾಪಾರಿಗಳು ತರುವ ಹಳೇ ಟ್ರೇಗಳನ್ನು ಗೇಟಿನ ಹೊರಗೇ ನಿಲ್ಲಿಸಿದರು. ಏಪ್ರಿಲ್ ಕೊನೆಗೆ ಸೀನು ತಾನಾಗಿ ನಿಂತಿತು.

ಆಗ ಮತ್ತೆ ರಕ್ತ ತೆಗೆದೆವು. ಹಿಂದಿನ ಕೋಳಿಗಳು 7, 8ಕ್ಕೆ ಏರಿದ್ದವು. ಹರಡಿದ ಲಸಿಕೆ ವೈರಸ್ ಕೊನೆಗೆ ಅವಕ್ಕೂ ಲಸಿಕೆಯ ಕೆಲಸ ಮಾಡಿತ್ತು, ಆದರೆ ಎಷ್ಟು ಮೊಟ್ಟೆಯ ಬೆಲೆಗೆ!

ಮಾಲೀಕರಿಗೆ ಅಷ್ಟೇ ಸಾಕು ಅನ್ನಿಸಿತು. ನನಗೆ ಸಾಕೆನ್ನಿಸಲಿಲ್ಲ. ಜೀವಂತ ಲಸಿಕೆಯಿಂದ ಬಂದ ಅಂಕಿ ಬೇಗ ಇಳಿಯುತ್ತದೆ. ಈ ಕೋಳಿಗಳು ಇನ್ನೂ 40 ವಾರ ಶೆಡ್‌ನಲ್ಲಿ ಇರಬೇಕು. ಎಣ್ಣೆ ಲಸಿಕೆ ಮತ್ತೆ ಚುಚ್ಚಬೇಕು ಅಂದಾಗ ಅವರು ಹೆದರಿದರು. "ತತ್ತಿ ಇಡೋ ಕೋಳಿ ಹಿಡದ್ರ ಒಳಗ ತತ್ತಿ ಒಡದು ಸಾಯ್ತಾವ್ರಿ." ಆ ಹೆದರಿಕೆ ನಿಜವಾದದ್ದೇ.

ಕೊನೆಗೆ ಇಬ್ಬರೂ ಒಪ್ಪಿದ ದಾರಿ ಇದು: ಇಡೀ ಶೆಡ್ ಬೇಡ, ಅಂಕಿ ಕಡಿಮೆ ಇದ್ದ ಹಿಂದಿನ ಮೂರನೇ ಒಂದು ಭಾಗಕ್ಕೆ ಮಾತ್ರ ಚುಚ್ಚುವುದು. 9, 10 ಇರುವ ಕೋಳಿಯನ್ನು ಹಿಡಿದು ಸಿಗುವುದೇನೂ ಇಲ್ಲ. ಬಿಸಿಲಿನಲ್ಲಿ ಅಲ್ಲ, ಕೃತ್ತಿಕಾ ಮಳೆ ಬಿದ್ದು ತಂಪಾದ ಮೇಲೆ, ರಾತ್ರಿ. ಮೊದಲು ಒಂದೇ ಸಾಲು, ನಾಲ್ಕು ದಿನ ನೋಡಿ ಉಳಿದದ್ದು. ಬಾಟಲಿಗಳನ್ನು ಮುಂಚೆಯೇ ಹೊರಗಿಟ್ಟು ತಣ್ಣಗಿನದು ಬಿಡಿಸಿದೆವು. ಸಿರಿಂಜ್ ಅರ್ಧ ಮಿಲಿ ಬಿಡುತ್ತದೆಯಾ ಅಂತ ಅಳತೆ ಟ್ಯೂಬಿಗೆ ಒತ್ತಿ ಆಗಾಗ ನೋಡಿದೆವು. ಸೂಜಿ ಬದಲಿಸುತ್ತಾ ಹೋದೆವು.

ಚುಚ್ಚಿದ ಸಾಲುಗಳಲ್ಲಿ ಎರಡು ದಿನ ಫೀಡು ಕಡಿಮೆಯಾಯಿತು. ಒಂದು ವಾರಕ್ಕೂ ಹೆಚ್ಚು ಕಾಲ ಮೊಟ್ಟೆ ತಗ್ಗಿತು, ಮೆತ್ತನೆಯ ಚಿಪ್ಪಿನವು ಬಂದವು. ಹೊಟ್ಟೆಯೊಳಗೆ ಮೊಟ್ಟೆ ಒಡೆದು ಕೆಲವು ಕೋಳಿ ಸತ್ತವು. ತಿಂಗಳ ಮೇಲೆ ರಕ್ತ ತೆಗೆದಾಗ ಆ ಭಾಗದವು 9, 10ರ ಹತ್ತಿರ ಒತ್ತಾಗಿ ನಿಂತಿದ್ದವು.

ಆಮೇಲೆ

ಹೊಸ ಶೆಡ್‌ನ ಮೊಟ್ಟೆ 89, 90ರ ತನಕ ಮೇಲೆ ಬಂತು. ಹಳೇ ಶೆಡ್‌ನ ಮಟ್ಟ ಮುಟ್ಟಲಿಲ್ಲ. ಮೈಕೊಪ್ಲಾಸ್ಮಾ ಹಾಗೇ ಉಳಿದಿದೆ. ಈ ಬ್ಯಾಚ್ ಖಾಲಿಯಾಗಿ ಶೆಡ್ ತೊಳೆಯುವ ತನಕ ಅದು ಹೋಗುವುದಿಲ್ಲ ಅಂತ ಮಾಲೀಕರಿಗೆ ಹೇಳಿದ್ದೇನೆ.

ಈಗ ನೀರಿನ ಲಸಿಕೆ ಎರಡೂ ಶೆಡ್‌ಗೆ ಬೆಳಗಿನ ಜಾವವೇ. ಎರಡು ದಿನ ಮುಂಚೆ ಬ್ಲೀಚಿಂಗ್ ನಿಲ್ಲಿಸುತ್ತಾರೆ. ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಮೊದಲು ಕಲಸಿ, ಅರ್ಧ ಗಂಟೆ ಬಿಟ್ಟು ಲಸಿಕೆ. ನೀರಿಗೆ ನೀಲಿ ಬಣ್ಣ ಹಾಕಿ, ಪೈಪಿನ ಕೊನೆಯ ತುದಿಯಲ್ಲಿ ನೀಲಿ ಬರುವ ತನಕ ಹೊರಗೆ ಬಿಟ್ಟು, ಆಮೇಲೆ ಕೋಳಿಗೆ ಬಿಡುತ್ತಾರೆ. ಕೊನೆಯ ಕೇಜಿನ ಕೋಳಿಗಳ ನಾಲಿಗೆ ನೀಲಿಯಾಗಿದೆಯಾ ಅಂತ ನೋಡುವ ಕೆಲಸ ಆ ಅಕ್ಕನದು. ರಾತ್ರಿ ಎಲ್ಲಿ ಸೀನು ಕೇಳಿತು ಅಂತ ಬರೆಯಲು ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಕಾಲಂ ಸೇರಿದೆ.

ಮುಂದಿನ ಬ್ಯಾಚ್ ಕೋಳಿ ಕೊಳ್ಳುವ ಮಾತುಕತೆಯಲ್ಲಿ ಮಾಲೀಕರು ಎರಡು ಷರತ್ತು ಇಟ್ಟಿದ್ದಾರೆ. ಪ್ರತಿ ಲಸಿಕೆಯ ಬ್ಯಾಚ್ ನಂಬರ್ ಬೇಕು. 15ನೇ ವಾರದಲ್ಲಿ 20 ಕೋಳಿಗಳ ರಕ್ತ ತೆಗೆಯಲು ಬಿಡಬೇಕು, ಕೊಕ್ಕರೆ ರೋಗದ ಅಂಕಿ ಮತ್ತು ಮೈಕೊಪ್ಲಾಸ್ಮಾ ಎರಡಕ್ಕೂ. ಮಾರುವವರು ಮೊದಲನೆಯದಕ್ಕೆ ತಕ್ಷಣ ಒಪ್ಪಿದರು. ಎರಡನೆಯದಕ್ಕೆ, ಪರೀಕ್ಷೆಯ ಖರ್ಚು ಕೊಳ್ಳುವವರೇ ಕೊಡಬೇಕು ಅಂದರು. ಅಣ್ಣ ತಮ್ಮ ಮಾತಾಡಿಕೊಂಡು ಕೊಡೋಣ ಅಂತ ತೀರ್ಮಾನಿಸಿದ್ದಾರೆ. ಆ ಕೋಳಿಗಳು ಬಂದು ಕೇಜಿನಲ್ಲಿ ಎರಡು ವಾರ ನೆಲೆಯೂರಿದ ಮೇಲೆಯೇ ಎಣ್ಣೆ ಲಸಿಕೆ ಚುಚ್ಚುವುದು ಅಂತಲೂ ಬರೆದಿಟ್ಟಿದ್ದಾರೆ.